ಸೋಲಾರೋ, ಸಿಲಿಂಡರೋ, ಸಗಣಿ ಗ್ಯಾಸೋ? ಲೆಕ್ಕದ ಪುಟ ಕಟ್ಟುವವರ ಪ್ರಶ್ನೆಗಳು

ಬದಲಿ ಇಂಧನಗಳ ಖರ್ಚನ್ನು ಹೋಲಿಸಿ ತೋರಿಸುವ ಆನ್‌ಲೈನ್ ಲೆಕ್ಕಪುಟ ಕಟ್ಟುತ್ತಿರುವವರಿಂದಲೂ, ಅಂಥ ಪುಟ ನೋಡಿ ತಲೆ ಕೆಡಿಸಿಕೊಂಡವರಿಂದಲೂ ಈ ಸಲ ಪತ್ರಗಳು ಬಂದಿವೆ. ಉತ್ತರಗಳಲ್ಲಿ ಬರುವ ಬೆಲೆಗಳು ಲೆಕ್ಕದ ದಾರಿ ತೋರಿಸಲು ಹಿಡಿದ ದುಂಡು ಅಂಕಿಗಳು. ನಿಮ್ಮ ಊರಿನ ಇವತ್ತಿನ ಬೆಲೆ ಹಾಕಿಕೊಳ್ಳಿ.

ಪ್ರ: ನಾವಿಬ್ರೂ ಎಂಜಿನಿಯರಿಂಗ್ ಕೊನೇ ವರ್ಷದ ವಿದ್ಯಾರ್ಥಿನಿಯರು. ಮನೆಯವರು ತಮ್ಮ ವಿವರ ತುಂಬಿದ್ರ ಸೋಲಾರ್, ಗ್ಯಾಸ್, ಗೋಬರ್ ಗ್ಯಾಸ್, ಕಟಗಿ, ಡೀಸೆಲ್ ಇದರಾಗ ಯಾವುದು ಸೋವಿ ಅಂತ ತೋರಿಸೋ ಪುಟ ಮಾಡಾಕತ್ತೇವ್ರಿ. ಎಲ್ಲಾದಕ್ಕೂ ಯೂನಿಟ್‌ಗೆ ಇಷ್ಟು ರೂಪಾಯಿ ಅಂತ ತಗದೇವಿ. ಏನು ತುಂಬಿದ್ರೂ ಸೋಲಾರೇ ಗೆಲ್ಲತೈತಿ, ಅದೂ ಒಂದು ರೂಪಾಯಿ ಹನ್ನೊಂದು ಪೈಸೆಕ್ಕ. ಎಲ್ಲಿ ತಪ್ಪೈತ್ರಿ?
— ವಿದ್ಯಾನಗರ, ಹುಬ್ಬಳ್ಳಿ

ಉ: ತಪ್ಪು ಎರಡು ಕಡೆ ಇದೆ.

ಮೊದಲನೆಯದು, ಸೋಲಾರ್ ಕೊಡುವುದು ಕರೆಂಟು, ಸಿಲಿಂಡರ್ ಕೊಡುವುದು ಶಾಖ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ. ನಿಮ್ಮ ಪುಟದ ಮೊದಲ ಪ್ರಶ್ನೆ 'ಯಾವ ಇಂಧನ?' ಎಂದಿರಬಾರದು, 'ಯಾವ ಕೆಲಸ?' ಎಂದಿರಬೇಕು. ಅಡುಗೆ, ಸ್ನಾನದ ನೀರು, ಬೋರ್‌ವೆಲ್ ನೀರು, ದೀಪ-ಫ್ಯಾನು, ಕರೆಂಟ್ ಹೋದಾಗಿನ ಬದಲಿ ವ್ಯವಸ್ಥೆ: ಈ ಐದರಲ್ಲಿ ಒಂದನ್ನು ಆರಿಸಿದ ಮೇಲೆಯೇ ಮುಂದಿನ ತೆರೆ ಬರಲಿ. ಆಮೇಲೆ ಪ್ರತಿ ಇಂಧನದಲ್ಲಿ ಪಾತ್ರೆಗೆ ನಿಜವಾಗಿ ತಲುಪುವ ಶಾಖ ಎಷ್ಟು ಎಂದು ತೆಗೆಯಬೇಕು.

ಅಡುಗೆಗೆ ಬೇಕಾದ ಅಂಕಿಗಳು ಇವು. ಒಂದು ಕಿಲೋ ಅಡುಗೆ ಅನಿಲದಲ್ಲಿ ಸುಮಾರು 12.8 ಯೂನಿಟ್ (ಶಾಖಕ್ಕೂ ಕರೆಂಟಿನದೇ ಯೂನಿಟ್, ಅಂದರೆ ಕಿಲೋವ್ಯಾಟ್-ಅವರ್) ಶಾಖ ಇರುತ್ತದೆ, ಹಾಗಾಗಿ 14.2 ಕಿಲೋ ಸಿಲಿಂಡರ್‌ನಲ್ಲಿ ಸುಮಾರು 180. ಒಲೆಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಕೇಳುವ ಕನಿಷ್ಠ ದಕ್ಷತೆ 68%, ಆದರೆ ಅದು ಪ್ರಯೋಗಾಲಯದ ಅಂಕಿ. ಮಸಿ ಹಿಡಿದ ಬರ್ನರ್, ಕಿಟಕಿಯ ಗಾಳಿ, ದೊಡ್ಡ ಉರಿಯ ಮೇಲೆ ಸಣ್ಣ ಪಾತ್ರೆ, ಇವೆಲ್ಲ ಸೇರಿದರೆ 60-65% ಹಿಡಿಯುವುದು ನ್ಯಾಯ. ಅಂದರೆ ಸಿಲಿಂಡರ್ ಒಂದಕ್ಕೆ ಪಾತ್ರೆಗೆ ತಲುಪುವುದು ಸುಮಾರು 115 ಯೂನಿಟ್. ಇಂಡಕ್ಷನ್ ಒಲೆಗೆ 80-85%. ಒಣ ಕಟ್ಟಿಗೆ ಕಿಲೋಗೆ 4.3 ಯೂನಿಟ್ ಇದ್ದರೂ ಹಳೆಯ ಮಣ್ಣಿನ ಒಲೆಯ ದಕ್ಷತೆ 10-15% ಅಷ್ಟೇ, ಕಿಲೋಗೆ ದಕ್ಕುವುದು ಅರ್ಧ ಯೂನಿಟ್ ಆಸುಪಾಸು. ಗೋಬರ್ ಗ್ಯಾಸ್ ಘನ ಮೀಟರ್‌ಗೆ ಸುಮಾರು 6 ಯೂನಿಟ್. ಅದರ ಒಲೆಗೆ 55% ಹಿಡಿದರೆ 3.3.

ಈಗ ಸಿಲಿಂಡರ್ ₹900, ಕರೆಂಟ್ ₹7, ಕಟ್ಟಿಗೆ ಕಿಲೋ ₹8 ಎನ್ನೋಣ. ಪಾತ್ರೆಗೆ ತಲುಪಿದ ಒಂದು ಯೂನಿಟ್ ಶಾಖಕ್ಕೆ ಗ್ಯಾಸ್ ₹7.80, ಇಂಡಕ್ಷನ್ ₹8.50, ಕೊಂಡು ತಂದ ಕಟ್ಟಿಗೆಗೆ ₹16ರ ಆಸುಪಾಸು ಬೀಳುತ್ತದೆ. ಹೊಲದ ಹತ್ತಿಕಟಗಿ ಉರಿಸುವವರಿಗೆ ಬೆಲೆ ಸೊನ್ನೆ. ಅದಕ್ಕಾಗಿ ಕಟ್ಟಿಗೆಯ ಬೆಲೆಯನ್ನು ನೀವೇ ಗಟ್ಟಿ ಮಾಡಿ ಇಡಬೇಡಿ, ಬಳಸುವವರೇ ತುಂಬಲಿ.

ಎರಡನೆಯ ತಪ್ಪಿನಿಂದಲೇ ಆ ಒಂದು ರೂಪಾಯಿ ಹನ್ನೊಂದು ಪೈಸೆ ಹುಟ್ಟಿದೆ. 3 ಕಿಲೋವ್ಯಾಟ್ ಸೋಲಾರ್‌ಗೆ ₹1,95,000 ಹಿಡಿದು, ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನ ₹78,000 ಕಳೆದು, ಉಳಿದ ₹1,17,000ವನ್ನು 25 ವರ್ಷದ 1,05,000 ಯೂನಿಟ್‌ಗೆ ಹಂಚಿದ್ದೀರಿ. ಮಾರಾಟಗಾರರ ಕರಪತ್ರದಲ್ಲಿರುವುದೂ ಇದೇ ಲೆಕ್ಕ. ಇದರಲ್ಲಿ ಬಡ್ಡಿಯಿಲ್ಲ, ನಡುವೆ ಇನ್ವರ್ಟರ್ ಬದಲಿಸುವ ಖರ್ಚಿಲ್ಲ, ಫಲಕ ಮುದಿಯಾಗುವುದೂ ಇಲ್ಲ.

ಸರಿಯಾದ ದಾರಿ: ಇವತ್ತಿನ ಬಂಡವಾಳವನ್ನು ವರ್ಷದ ಕಂತಾಗಿ ಮಾಡಿ. 8% ಬಡ್ಡಿಗೆ 1.08ರ 25ನೇ ಘಾತ 6.848. ಅದನ್ನು 0.08ರಿಂದ ಗುಣಿಸಿ, ಒಂದು ಕಡಿಮೆಯಾದ 5.848ರಿಂದ ಭಾಗಿಸಿದರೆ 0.0937. ಇದು ಕಂತಿನ ಗುಣಕ. ₹1,17,000ಕ್ಕೆ ವರ್ಷದ ಕಂತು ಸುಮಾರು ₹10,960. ಹನ್ನೆರಡನೇ ವರ್ಷ ₹30,000ದ ಹೊಸ ಇನ್ವರ್ಟರ್ ಎಂದರೆ ಇವತ್ತಿನ ಬೆಲೆಯಲ್ಲಿ ₹11,900, ಅದರ ಕಂತು ₹1,120. ತೊಳೆಯುವುದು, ಸಣ್ಣ ರಿಪೇರಿ ವರ್ಷಕ್ಕೆ ₹2,000. ಒಟ್ಟು ₹14,080. ಫಲಕ ವರ್ಷಕ್ಕೆ 0.6% ಸೊರಗುವುದನ್ನು ಹಿಡಿದರೆ, ಬಡ್ಡಿಯ ತೂಕ ಹಾಕಿದ ವರ್ಷದ ಸರಾಸರಿ 4,200 ಅಲ್ಲ, ಸುಮಾರು 4,000 ಯೂನಿಟ್. ಭಾಗಿಸಿದರೆ ₹3.52. ಒಂದು ರೂಪಾಯಿ ಹನ್ನೊಂದು ಪೈಸೆಗೂ ಇದಕ್ಕೂ ಮೂರು ಪಟ್ಟು ಅಂತರ. ಆದರೂ ಗ್ರಿಡ್ ದರಕ್ಕಿಂತ ಕಡಿಮೆಯೇ ಇದೆ, ಸೋಲಾರ್‌ಗೆ ಸುಳ್ಳು ಲೆಕ್ಕದ ಊರುಗೋಲು ಬೇಕಿಲ್ಲ.

ಕೋಡ್ ಬರೆಯುವಾಗ ಮೂರು ಕಡೆ ಎಚ್ಚರ. ಬಡ್ಡಿ ಸೊನ್ನೆ ತುಂಬಿದರೆ ಮೇಲಿನ ಸೂತ್ರ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲು ಹೋಗುತ್ತದೆ. ಆಗ ಗುಣಕ 1 ಭಾಗಿಸು ವರ್ಷ ಎಂದು ಬೇರೆ ಸಾಲು ಬರೆಯಿರಿ. ಸಹಾಯಧನ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ ₹30,000, ಮೂರನೆಯದಕ್ಕೆ ₹18,000, ಅಲ್ಲಿಗೆ ನಿಂತಿತು. 5 ಕಿಲೋವ್ಯಾಟ್‌ಗೂ ₹78,000ವೇ. 'ಮುಂದಿನ ಪ್ರತಿ ಕಿಲೋವ್ಯಾಟ್‌ಗೆ 18,000' ಎಂದು ಬರೆದವರ ಪುಟ ದೊಡ್ಡ ಮನೆಗಳಿಗೆಲ್ಲ ಪುಕ್ಕಟೆ ದುಡ್ಡು ಹಂಚುತ್ತದೆ. ಮೂರನೆಯದು, ಈ ಸಹಾಯಧನ ದೇಶದಲ್ಲೇ ತಯಾರಾದ ಫಲಕಗಳಿಗೆ ಮಾತ್ರ, ಅವು ತುಸು ತುಟ್ಟಿ. ಅಗ್ಗದ ಆಮದು ಫಲಕದ ಬೆಲೆ ಹಾಕಿ ಅದರಲ್ಲಿ ಸಹಾಯಧನವನ್ನೂ ಕಳೆಯುವುದು ಇಲ್ಲದ ಸರಕಿಗೆ ಬೆಲೆ ಕಟ್ಟಿದಂತೆ. ಸಹಾಯಧನ ಖಾತೆಗೆ ಬರುವುದು ಕೆಲಸ ಮುಗಿದ ಮೇಲೆ. 'ಮೊದಲು ಕೈಯಿಂದ ಹಾಕಬೇಕಾದ ಹಣ' ಎಂಬ ಸಾಲು ಫಲಿತಾಂಶದಲ್ಲಿ ಬೇರೆಯಾಗಿಯೇ ಕಾಣಲಿ.

ಪ್ರ: ನಮಗೆ ಗೃಹಜ್ಯೋತಿ ಬರುತ್ತದೆ. ಅರ್ಹ ಯೂನಿಟ್ 150, ಬಳಕೆ 140ರ ಆಸುಪಾಸು. ಒಂದು ಪುಟದಲ್ಲಿ ವಿವರ ತುಂಬಿದರೆ, ಸೋಲಾರ್ ಹಾಕಿಸಿದರೆ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಉಳಿತಾಯ ಎಂದಿತು. ಇನ್ನೊಂದು ಪುಟ, ಅಡುಗೆಯನ್ನು ಪೂರ್ತಿ ಇಂಡಕ್ಷನ್‌ಗೆ ಬದಲಿಸಿ ಎಂದಿತು. ಯಾವುದನ್ನು ನಂಬಲಿ?
— ನಿವೃತ್ತ ಶಿಕ್ಷಕರು, ಸಪ್ತಾಪುರ, ಧಾರವಾಡ

ಉ: ಎರಡನ್ನೂ ನಂಬಬೇಡಿ ಸರ್. ನಿಮ್ಮ ಬಿಲ್ ಈಗ ಸೊನ್ನೆ. ಸೊನ್ನೆಯಲ್ಲಿ ಉಳಿಸುವುದೇನು? ಆ ಪುಟ ನಿಮ್ಮ 140 ಯೂನಿಟ್‌ಗೆ ಪೂರ್ಣ ದರ ಹಾಕಿಕೊಂಡಿದೆ.

ಪುಟ ಕಟ್ಟುವವರು ಇಲ್ಲಿ ಕಿವಿಗೊಡಬೇಕು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಗಳ ಕರೆಂಟಿಗೆ ಒಂದೇ ದರ ಎಂಬುದು ಉಳಿದಿಲ್ಲ. ಅರ್ಹ ಯೂನಿಟ್‌ವರೆಗೆ ಸೊನ್ನೆ. ಅದನ್ನು ಮೀರಿ 200ರೊಳಗಿದ್ದರೆ ಮೀರಿದ್ದಕ್ಕಷ್ಟೇ ಹಣ. 200 ದಾಟಿದ ತಿಂಗಳು ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್. ಇದು ಇಳಿಜಾರಲ್ಲ, ಕಡಿದಾದ ಕಲ್ಲು. ಇದನ್ನು ಕೋಡ್‌ನಲ್ಲಿ ಮೂರು ಷರತ್ತಾಗಿಯೇ ಬರೆಯಬೇಕು.

ನಿಮ್ಮ ಇಂಡಕ್ಷನ್ ಪ್ರಶ್ನೆಯನ್ನೇ ಹಿಡಿಯೋಣ. ಒಂದು ಸಿಲಿಂಡರ್ ಒಂದೂವರೆ ತಿಂಗಳು ಬರುವ ಮನೆಯಲ್ಲಿ ಅಡುಗೆಗೆ ತಿಂಗಳಿಗೆ ಸುಮಾರು 77 ಯೂನಿಟ್ ಶಾಖ ಬೇಕು. ಇಂಡಕ್ಷನ್‌ನಲ್ಲಿ ಅದಕ್ಕೆ 94 ಯೂನಿಟ್ ಕರೆಂಟ್. 140ಕ್ಕೆ 94 ಕೂಡಿಸಿದರೆ 234. ಇನ್ನೂರು ದಾಟಿತು, ಇಡೀ 234ಕ್ಕೂ ದುಡ್ಡು. ₹7ರಂತೆ ₹1,638, ಸ್ಥಿರ ಶುಲ್ಕ ಬೇರೆ. ಗ್ಯಾಸ್‌ನಲ್ಲಿ ಉಳಿದದ್ದು ಸಿಲಿಂಡರ್‌ನ ಮೂರನೇ ಎರಡು ಭಾಗ, ₹600. ಅಂದರೆ ಆ 94 ಯೂನಿಟ್ ನಿಮಗೆ ಬಿದ್ದದ್ದು ಯೂನಿಟ್‌ಗೆ ₹17ರ ಮೇಲೆ. ಅದೇ, ಅಡುಗೆಯಲ್ಲಿ ಮೂರನೇ ಒಂದು ಭಾಗ ಮಾತ್ರ (ಹಾಲು, ಚಹಾ, ಅನ್ನ) ಇಂಡಕ್ಷನ್‌ಗೆ ತಂದರೆ 31 ಯೂನಿಟ್ ಕೂಡಿ 171. ಅರ್ಹತೆ ಮೀರಿದ 21ಕ್ಕೆ ₹147. ಗ್ಯಾಸ್‌ನಲ್ಲಿ ಉಳಿಯುವುದು ₹200. ಲಾಭ ಸಣ್ಣದು, ಆದರೆ ನಿಜವಾದದ್ದು. ಬೇಸಿಗೆಯಲ್ಲಿ ಕೂಲರ್ ಹಚ್ಚುವ ತಿಂಗಳು ಅದೂ ಇರುವುದಿಲ್ಲ, ಆದ್ದರಿಂದ ಲೆಕ್ಕ ವರ್ಷದ ಸರಾಸರಿಯ ಮೇಲೆ ಅಲ್ಲ, ಹನ್ನೆರಡು ತಿಂಗಳಿಗೂ ಬೇರೆ ಬೇರೆ ನಡೆಯಬೇಕು.

ಗೃಹಜ್ಯೋತಿ ಇಲ್ಲದವರಿಗೂ ಒಂದು ಮಾತು. ಒಟ್ಟು ಬಿಲ್ಲನ್ನು ಯೂನಿಟ್‌ಗಳಿಂದ ಭಾಗಿಸಿ ದರ ತೆಗೆಯಬಾರದು. ಹೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡಿನ ಮೇಲಿನ ಸ್ಥಿರ ಶುಲ್ಕ ಇದೆ, ಯೂನಿಟ್ ಕಡಿಮೆಯಾದರೂ ಅದು ಕರಗುವುದಿಲ್ಲ. ವಿದ್ಯುತ್ ಶುಲ್ಕ, ಇಂಧನ ಹೊಂದಾಣಿಕೆ, ಪಿಂಚಣಿ-ಗ್ರಾಚ್ಯುಟಿ ಸಾಲು, ತೆರಿಗೆ: ಯೂನಿಟ್ ಜೊತೆ ಏರಿಳಿಯುವ ಈ ಸಾಲುಗಳನ್ನಷ್ಟೇ ಕೂಡಿ ಭಾಗಿಸಿ. ಸೋಲಾರ್ ಉಳಿಸುವುದು ಅಷ್ಟನ್ನೇ. ಮನೆಯ ಬಳಕೆ ಮೀರಿ ಗ್ರಿಡ್‌ಗೆ ಹೋದ ಯೂನಿಟ್‌ಗೆ ಕೆಇಆರ್‌ಸಿ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) ಗೊತ್ತುಮಾಡಿದ ಬೇರೆ ದರ, ಅದು ನೀವು ಕೊಳ್ಳುವ ದರಕ್ಕಿಂತ ಕಡಿಮೆ. ಪುಟದಲ್ಲಿ ಎರಡಕ್ಕೂ ಎರಡು ಖಾನೆ ಇರಲಿ.

ಪ್ರ: ಬಿಸಿಲಿನ ಅಂಕಿ ಎಲ್ಲಿಂದ ತಗೋಬೇಕು? ಯುರೋಪಿನ ಸೌರ ಲೆಕ್ಕಸೇವೆ ಪಿವಿಜಿಐಎಸ್ ಅನ್ನು ನನ್ನ ಪುಟದಿಂದ ನೇರವಾಗಿ ಕರೆದರೆ ಬ್ರೌಸರ್ ತಡೆಯುತ್ತದೆ. ನಾಸಾ ಅಂಕಿ ಹಾಕಿದರೆ ಧಾರವಾಡಕ್ಕೂ ಗದಗಕ್ಕೂ ಒಂದೇ ಉತ್ತರ ಬರುತ್ತದೆ.
— ಬೆಟಗೇರಿ, ಗದಗ

ಉ: ಎರಡಕ್ಕೂ ಕಾರಣ ಇದೆ. ಪಿವಿಜಿಐಎಸ್ ತನ್ನ ಸೇವೆಯನ್ನು ಬೇರೆಯವರ ಪುಟದೊಳಗಿಂದ ಬ್ರೌಸರ್ ಮೂಲಕ ಕರೆಯಲು ಬಿಡುವುದಿಲ್ಲ. ನಿಮ್ಮ ಸರ್ವರ್‌ನಿಂದ ಕರೆಯಬೇಕು. ನಾಸಾದ ದತ್ತಾಂಶ ಸೇವೆ ಪವರ್‌ನ ಸೌರ ಅಂಕಿಗಳು ಒಂದು ಡಿಗ್ರಿ ಚೌಕಕ್ಕೆ ಒಂದರಂತೆ ಇವೆ, ಅಂದರೆ ಸುಮಾರು 110 ಕಿಲೋಮೀಟರ್. ಧಾರವಾಡ (ಅಕ್ಷಾಂಶ 15.46, ರೇಖಾಂಶ 75.0ರ ಹತ್ತಿರ) ಮತ್ತು ಗದಗ (15.43, 75.63) ಒಂದೇ ಚೌಕದಲ್ಲಿ ಬಿದ್ದರೆ ಉತ್ತರವೂ ಒಂದೇ. ಹಾವೇರಿ 14.79ರಲ್ಲಿದೆ, ಕೆಳಗಿನ ಚೌಕ. ಆದರೆ ಮಳೆಗಾಲದಲ್ಲಿ ಅಳ್ನಾವರ-ಕಲಘಟಗಿ ಕಡೆಯ ಮೋಡವೇ ಬೇರೆ, ಗದಗಿನ ಆಕಾಶವೇ ಬೇರೆ. ಉಪಗ್ರಹ ಚಿತ್ರಗಳಿಂದ ತೆಗೆದ ಪಿವಿಜಿಐಎಸ್ ಅಂಕಿಗಳು ಕೆಲವೇ ಕಿಲೋಮೀಟರ್‌ಗೆ ಒಂದರಂತೆ ಸಿಗುವುದರಿಂದ ಈ ಭೇದ ಅದರಲ್ಲಿ ಕಾಣುತ್ತದೆ.

ನಿಜ ಹೇಳಬೇಕೆಂದರೆ, ಧಾರವಾಡ, ಗದಗ, ಹಾವೇರಿ ಈ ಮೂರು ಜಿಲ್ಲೆಗೆ ಯಾವ ನೇರ ಕರೆಯೂ ಬೇಕಿಲ್ಲ. ಪ್ರತಿ ತಾಲ್ಲೂಕು ಕೇಂದ್ರಕ್ಕೆ ಹನ್ನೆರಡು ತಿಂಗಳ ಹನ್ನೆರಡು ಅಂಕಿ ಒಮ್ಮೆ ಇಳಿಸಿ, ಸಣ್ಣ ಕಡತದಲ್ಲಿ ಪುಟದ ಜೊತೆಗೇ ಇಡಿ. ನೆಟ್‌ವರ್ಕ್ ಸರಿಯಿಲ್ಲದ ಹಳ್ಳಿಯಲ್ಲೂ ಪುಟ ತೆರೆದುಕೊಳ್ಳುತ್ತದೆ, ಹೊರಗಿನ ಸೇವೆ ನಿಂತ ದಿನ ನಿಮ್ಮದೂ ನಿಲ್ಲುವುದಿಲ್ಲ.

ಇಳಿಸುವಾಗ ಕಾಲು ಜಾರುವ ಜಾಗಗಳು: ಪಿವಿಜಿಐಎಸ್‌ನಲ್ಲಿ ದಕ್ಷಿಣ ದಿಕ್ಕು ಅಂದರೆ 0, ಪೂರ್ವ -90, ಪಶ್ಚಿಮ 90. ಅಮೆರಿಕದ ಇಂಥದೇ ಸೇವೆ ಪಿವಿವಾಟ್ಸ್‌ನಲ್ಲಿ ದಕ್ಷಿಣ ಅಂದರೆ 180. ಅಲ್ಲಿಯ 180 ತಂದು ಇಲ್ಲಿ ಹಾಕಿದರೆ ಫಲಕ ಉತ್ತರಕ್ಕೆ ಮುಖ ಮಾಡುತ್ತದೆ. ನಮ್ಮ ಅಕ್ಷಾಂಶದಲ್ಲಿ, 15 ಡಿಗ್ರಿ ಓರೆಯಲ್ಲಿ, ಇದರಿಂದ ವರ್ಷದ ಉತ್ಪಾದನೆ ಅರ್ಧಕ್ಕೇನೂ ಇಳಿಯುವುದಿಲ್ಲ, ಸ್ವಲ್ಪ ಕಡಿಮೆ ಕಾಣುತ್ತದೆ ಅಷ್ಟೇ. ಅದಕ್ಕೇ ಈ ತಪ್ಪು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಡಿಸೆಂಬರ್ ಅಂಕಿ ನೋಡಿ: ದಕ್ಷಿಣಕ್ಕೆ ಮುಖ ಮಾಡಿದ ಫಲಕಕ್ಕೆ ಆಗ ಒಳ್ಳೆಯ ಇಳುವರಿ, ಉತ್ತರಕ್ಕೆ ಮಾಡಿದ್ದಕ್ಕೆ ಕಳಪೆ.

ನಾಸಾ ಅಂಕಿಗಳಲ್ಲಿ ಮಾಹಿತಿ ಇಲ್ಲದ ದಿನಕ್ಕೆ -999 ಎಂದಿರುತ್ತದೆ. ಅದನ್ನು ತೆಗೆಯದೆ ಸರಾಸರಿ ಮಾಡಿದರೆ ಸೂರ್ಯನೇ ಸಾಲಗಾರನಾಗುತ್ತಾನೆ. ಪಿವಿಜಿಐಎಸ್ ತಾನಾಗಿ ಹಿಡಿಯುವ ವ್ಯವಸ್ಥೆಯ ನಷ್ಟ 14%. ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ಫಲಕದ ಮೇಲೆ ಕೂರುವ ಗದಗ ಸೀಮೆಗೆ 18 ಹಾಕಿ. ಇಷ್ಟೆಲ್ಲ ಆದ ಮೇಲೆ ಕಿಲೋವ್ಯಾಟ್‌ಗೆ ವರ್ಷಕ್ಕೆ 1,400 ಯೂನಿಟ್ ಆಸುಪಾಸು ಬರಬೇಕು. 1,800 ಬಂದರೆ ಎಲ್ಲೋ ನಷ್ಟ ಬಿಟ್ಟುಹೋಗಿದೆ, 1,000 ಬಂದರೆ ಎರಡು ಸಲ ಕಳೆದಿದ್ದೀರಿ.

ಪ್ರ: ಕಪ್ಪತಗುಡ್ಡದ ಸಾಲಿನ್ಯಾಗ, ಗಜೇಂದ್ರಗಡದ ಕಡೆ ಎಲ್ಲಿ ನೋಡಿದ್ರೂ ಗಾಳಿಯಂತ್ರ. ಹಂಗಾದ್ರ ಮನಿ ಮ್ಯಾಲೆ ಸಣ್ಣ ಗಾಳಿಯಂತ್ರ ಹಾಕೂದನ್ನೂ ಪುಟದಾಗ ಸೇರಿಸಬೇಕಲ್ರೀ?
— ಮುಂಡರಗಿ

ಉ: ಸೇರಿಸಿ, ಆದರೆ ಗುಡ್ಡದ ಗಾಳಿಯನ್ನು ಮಾಳಿಗೆಗೆ ಇಳಿಸಬೇಡಿ. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು. ನೂರು ಮೀಟರ್ ಎತ್ತರದ ಗಾಳಿ, ಗಿಡ-ಮನೆಗಳ ನಡುವಿನ ಹತ್ತು ಮೀಟರ್ ಎತ್ತರಕ್ಕೆ ಬರುವಾಗ ವೇಗದಲ್ಲಿ 56%ಕ್ಕೆ ಇಳಿದಿರುತ್ತದೆ (ಎತ್ತರದ ಘಾತ 0.25 ಹಿಡಿದರೆ). ಶಕ್ತಿಯಲ್ಲಿ ಅದು 18% ಅಷ್ಟೇ. ಎರಡು ಮೀಟರ್ ವ್ಯಾಸದ ರೆಕ್ಕೆಗೆ ಸೆಕೆಂಡಿಗೆ 3 ಮೀಟರ್ ಗಾಳಿಯಲ್ಲಿ ಕೈಗೆ ಬರುವುದು ಹನ್ನೆರಡು ವ್ಯಾಟ್, ಒಂದು ಎಲ್‌ಇಡಿ ಬಲ್ಬು. 6 ಮೀಟರ್ ಗಾಳಿಗೆ 93. ಲೆಕ್ಕಕ್ಕೆ ಗಾಳಿಯ ಸಾಂದ್ರತೆ ಘನ ಮೀಟರ್‌ಗೆ 1.225 ಕಿಲೋ ಅಲ್ಲ, ನಮ್ಮ ಎತ್ತರ-ಸೆಖೆಗೆ 1.1 ಹಾಕಿ. ವರ್ಷದ ಸರಾಸರಿ ವೇಗವನ್ನೇ ಘನ ಮಾಡಿದರೆ ಮಾತ್ರ ಉಲ್ಟಾ ತಪ್ಪಾಗುತ್ತದೆ, ಶಕ್ತಿ ಕಡಿಮೆ ಬರುತ್ತದೆ. ಬೀಸುವ ದಿನ ಜೋರಾಗಿ ಬೀಸುವುದರಿಂದ 1.9ರಿಂದ ಗುಣಿಸುವುದು ರೂಢಿ. ಅಷ್ಟು ಮಾಡಿದರೂ ಮಾಳಿಗೆಯ ಯಂತ್ರ ಸೋಲಾರ್ ಹತ್ತಿರ ಬರುವುದಿಲ್ಲ.

ಪ್ರ: ನಮ್ಮ ರೈತ ಸಂಘದ ಪುಟದಲ್ಲಿ ಸೋಲಾರ್ ಪಂಪು, ಡೀಸೆಲ್, ಕರೆಂಟ್ ಪಂಪುಗಳ ಹೋಲಿಕೆ ಹಾಕಿದ್ದೇವೆ. ರೈತರು ಬೋರಿನ ಆಳ, ಎಷ್ಟು ಇಂಚು ನೀರು ಅಂತ ತುಂಬುತ್ತಾರೆ. ಉತ್ತರ ಮಾತ್ರ ಹೊಲದ ಲೆಕ್ಕಕ್ಕೆ ಕೂಡುತ್ತಿಲ್ಲ.
— ರಾಣೇಬೆನ್ನೂರು, ಹಾವೇರಿ ಜಿಲ್ಲೆ

ಉ: ಎರಡೂ ಖಾನೆಗಳಲ್ಲೇ ಗೊಂದಲ ಇದೆ.

ಬೋರ್ ಎಷ್ಟು ಆಳ ಎಂದು ಕೇಳಿದರೆ ರೈತರು ಕೊರೆದ ಫೂಟು ಹೇಳುತ್ತಾರೆ, ಏಕೆಂದರೆ ದುಡ್ಡು ಕೊಟ್ಟಿದ್ದು ಅದಕ್ಕೆ. ಪಂಪಿಗೆ ಬೇಕಾದದ್ದು ಪಂಪು ಓಡುವಾಗ ನೀರು ನಿಲ್ಲುವ ಮಟ್ಟ, ಅದಕ್ಕೆ ಪೈಪಿನ ಉಜ್ಜಾಟ ಮತ್ತು ಮೇಲಿನ ಏರು ಕೂಡಿದ್ದು. 500 ಫೂಟು ಕೊರೆದ ಬೋರಿನಲ್ಲಿ ನೀರು 250ಕ್ಕೇ ಇದ್ದರೆ ನಿಮ್ಮ ಪುಟ ಖರ್ಚನ್ನು ಇಮ್ಮಡಿ ತೋರಿಸುತ್ತಿದೆ. ಖಾನೆಯ ಪಕ್ಕದಲ್ಲೇ 'ಫೂಟು' ಎಂದು ಬರೆಯಿರಿ, ಒಳಗೆ 0.3048ರಿಂದ ಗುಣಿಸಿ ಮೀಟರ್ ಮಾಡಿಕೊಳ್ಳಿ.

ಇನ್ನು ಇಂಚು. ಬೋರ್ ಕೊರೆದ ದಿನ ವಿ ಆಕಾರದ ಕಚ್ಚಿನ ತಗಡಿನ ಮೇಲೆ ಹರಿಸಿ ಅಳೆಯುವ ಇಂಚು ಇದು, ಪೈಪಿನ ಇಂಚಲ್ಲ. ತೊಂಬತ್ತು ಡಿಗ್ರಿ ಕಚ್ಚಿನಲ್ಲಿ ಹರಿವು ಎತ್ತರದ ಎರಡೂವರೆ ಘಾತಕ್ಕೆ ತಕ್ಕಂತೆ ಏರುತ್ತದೆ. ಒಂದು ಇಂಚು ಅಂದರೆ ತಾಸಿಗೆ ಸುಮಾರು 510 ಲೀಟರ್, ಎರಡು ಇಂಚು 2,900, ಮೂರು ಇಂಚು 8,000ದ ಹತ್ತಿರ. ಎರಡು ಇಂಚು ಒಂದರ ಎರಡು ಪಟ್ಟಲ್ಲ, ಐದೂವರೆ ಪಟ್ಟಿಗೂ ಹೆಚ್ಚು. ನೀವು ಇಂಚನ್ನು ಒಂದೇ ಅಂಕಿಯಿಂದ ಗುಣಿಸಿದ್ದರೆ ಉತ್ತರ ಕೂಡದಿರುವುದು ಇದಕ್ಕೇ.

ಆಮೇಲಿನ ಲೆಕ್ಕ ಸರಳ. ಸಾವಿರ ಲೀಟರ್ ನೀರನ್ನು ಒಂದು ಮೀಟರ್ ಎತ್ತಲು 0.00272 ಯೂನಿಟ್. 80 ಮೀಟರ್‌ಗೆ 0.218. ಹೊಲದಲ್ಲಿ ಓಡುವ ಸಬ್‌ಮರ್ಸಿಬಲ್‌ನ ಒಟ್ಟು ದಕ್ಷತೆ 35% ಹಿಡಿದರೆ 0.62 ಯೂನಿಟ್. ಸಣ್ಣ ಡೀಸೆಲ್ ಜನರೇಟರ್ ಲೀಟರ್‌ಗೆ 3 ಯೂನಿಟ್ ಕೊಟ್ಟೀತು. ಲೀಟರ್ ₹90 ಆದರೆ ಸಾವಿರ ಲೀಟರ್ ನೀರಿಗೆ ₹18-19. ದೊಡ್ಡ ಜನರೇಟರ್‌ಗೆ ಸಣ್ಣ ಮೋಟರ್ ಹಚ್ಚಿದರೆ ಇನ್ನೂ ಹೆಚ್ಚು. ಕಾಲು ಲೋಡಿನಲ್ಲಿ ಓಡುವ ಎಂಜಿನ್ ಎಣ್ಣೆ ಕುಡಿಯುತ್ತದೆ, ಕರೆಂಟ್ ಕೊಡುವುದಿಲ್ಲ.

10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಕರೆಂಟ್ ಪುಕ್ಕಟೆ ಇರುವಾಗ ರೂಪಾಯಿ ಲೆಕ್ಕದಲ್ಲಿ ಸೋಲಾರ್ ಪಂಪು ಎಂದೂ ಗೆಲ್ಲುವುದಿಲ್ಲ. ಅದನ್ನು ಮುಚ್ಚಿಡಬೇಡಿ. ಬದಲಿಗೆ ಇನ್ನು ಮೂರು ಸಾಲು ತೋರಿಸಿ: ದಿನಕ್ಕೆ ಎಷ್ಟು ತಾಸು ನೀರು, ಹಗಲೋ ರಾತ್ರಿಯೋ, ವೋಲ್ಟೇಜ್ ಕಡಿಮೆಯಾಗಿ ಮೋಟರ್ ಸುಟ್ಟರೆ ವರ್ಷಕ್ಕೆ ರಿವೈಂಡಿಂಗ್ ಎಷ್ಟು. ರಾತ್ರಿ ಎರಡಕ್ಕೆ ಹಾವು-ಚೇಳಿನ ನಡುವೆ ನೀರು ಕಟ್ಟುವವರು ಹಗಲಿನ ನೀರಿಗೆ ತಮ್ಮದೇ ಬೆಲೆ ಕಟ್ಟಿಕೊಳ್ಳುತ್ತಾರೆ.

ಪ್ರ: ಗೋಬರ್ ಗ್ಯಾಸ್‌ಗೆ 'ಇಂಧನ ವೆಚ್ಚ ₹0' ಅಂತ ಹಾಕಿದ್ದೇವೆ. ಸರಿಯೇ?
— ಶಿಗ್ಗಾಂವಿ

ಉ: ಸಗಣಿಗೆ ಸೊನ್ನೆ ಹಾಕಬಹುದು, ಏಕೆಂದರೆ ಗ್ಯಾಸ್ ತೆಗೆದ ಮೇಲೂ ರಾಡಿ ಗೊಬ್ಬರವಾಗಿ ಹೊಲಕ್ಕೇ ಹೋಗುತ್ತದೆ. ಆದರೆ ಆ ರಾಡಿಯನ್ನು ಮತ್ತೆ 'ಗೊಬ್ಬರದ ಆದಾಯ' ಎಂದು ಪೂರ್ತಿ ಬೆಲೆಗೆ ಕೂಡಿಸಬೇಡಿ. ತಿಪ್ಪೆಗೆ ಹಾಕಿದ್ದರೂ ಅದು ಗೊಬ್ಬರವೇ ಆಗುತ್ತಿತ್ತು.

ಸೊನ್ನೆ ಹಾಕಬಾರದ್ದು ದುಡಿಮೆಗೆ ಮತ್ತು ಕೊರತೆಗೆ. ಒಂದು ಘನ ಮೀಟರ್ ಗ್ಯಾಸ್‌ಗೆ 25 ಕಿಲೋ ಹಸಿ ಸಗಣಿ, ಅಷ್ಟೇ ನೀರು. ಎರಡು ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ 50 ಕಿಲೋ, ಅಂದರೆ ಕೊಟ್ಟಿಗೆಯಲ್ಲೇ ಇರುವ ನಾಲ್ಕೈದು ದನ. ಮೇಯಲು ಹೋಗುವ ದನದ ಸಗಣಿ ಅರ್ಧ ದಾರಿಯಲ್ಲೇ ಬಿದ್ದಿರುತ್ತದೆ. 'ದನ ಎಷ್ಟು?' ಎಂದಷ್ಟೇ ಕೇಳದೆ 'ಕಟ್ಟಿ ಹಾಕುವ ತಾಸು ಎಷ್ಟು?' ಎಂದೂ ಕೇಳಿ. ಧಾರವಾಡದ ಡಿಸೆಂಬರ್-ಜನವರಿಯ ಚಳಿಗೆ ಗ್ಯಾಸ್ ಇಳಿಯುತ್ತದೆ, ಆ ಎರಡು ತಿಂಗಳಿಗೆ ಮುಕ್ಕಾಲು ಹಿಡಿಯಿರಿ. ಒಂದು ಘನ ಮೀಟರ್ ಸುಮಾರು 0.45 ಕಿಲೋ ಎಲ್‌ಪಿಜಿಗೆ ಸಮ.

ಪ್ರ: ಬಳಸುವವರು '೧,೨೫,೦೦೦' ಅಂತ ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದರೆ ಪುಟ ಕೆಡುತ್ತದೆ. ಇಂಗ್ಲಿಷ್ ಅಂಕಿಯಲ್ಲಿ ಹಾಕಿದರೆ ಬಂಡವಾಳ ₹1 ಅಂತ ಹಿಡಿಯುತ್ತದೆ!
— ಗೋಕುಲ ರಸ್ತೆ, ಹುಬ್ಬಳ್ಳಿ

ಉ: ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಫ್ಲೋಟ್ (parseFloat, ಅಂದರೆ ಪಠ್ಯವನ್ನು ಸಂಖ್ಯೆಯಾಗಿ ಓದುವ ಆಜ್ಞೆ) ಮೊದಲ ಅಲ್ಪವಿರಾಮಕ್ಕೇ ನಿಲ್ಲುತ್ತದೆ, ಅದಕ್ಕೇ 1,25,000 ಬರೀ 1 ಆಗುತ್ತದೆ. ದೋಷದ ಸೂಚನೆಯೂ ಬರುವುದಿಲ್ಲ, ಸೋಲಾರ್ ಒಂದು ರೂಪಾಯಿಗೆ ಸಿಕ್ಕಂತೆ ಫಲಿತಾಂಶ ಬರುತ್ತದೆ. ಮೊದಲು ಅಲ್ಪವಿರಾಮ, ಖಾಲಿ ಜಾಗ, ₹ ಗುರುತು ಎಲ್ಲ ತೆಗೆಯಿರಿ. ಕನ್ನಡದ ಹತ್ತು ಅಂಕಿಗಳು ಯೂನಿಕೋಡ್‌ನಲ್ಲಿ 3302ರಿಂದ 3311ರವರೆಗೆ ಸಾಲಾಗಿ ಇವೆ. ಅಕ್ಷರದ ಸಂಖ್ಯೆಯಿಂದ 3302 ಕಳೆದರೆ ಅಂಕಿ ಸಿಕ್ಕಿತು. ಆಮೇಲೆ ಪಾರ್ಸ್‌ಫ್ಲೋಟ್ ಬದಲು ನಂಬರ್ (Number) ಬಳಸಿ. ಅದು ಅರೆಬರೆ ಓದದೆ, ತಪ್ಪಿದ್ದರೆ ತಪ್ಪು ಎನ್ನುತ್ತದೆ. ಖಾನೆಯನ್ನು ಸಂಖ್ಯೆಯ ಖಾನೆ ಮಾಡಬೇಡಿ, ಪಠ್ಯದ ಖಾನೆ ಮಾಡಿ ಮೊಬೈಲ್‌ನಲ್ಲಿ ಅಂಕಿಯ ಕೀಲಿಮಣೆ ಬರುವಂತೆ ಹೊಂದಿಸಿ.

ಪ್ರ: ಗದಗದಲ್ಲಿ ಝೆರಾಕ್ಸ್ ಅಂಗಡಿ ಇದೆ. ಕರೆಂಟ್ ಹೋದಾಗ ಸೋಲಾರ್ ನಡೆಯುತ್ತದೆ ಅಂತ ಪುಟ ತೋರಿಸುತ್ತದೆ. ಹಾಕಿಸಿದವರು ಇಲ್ಲ ಅನ್ನುತ್ತಾರೆ.

ಉ: ಹಾಕಿಸಿದವರ ಮಾತು ಸರಿ. ಬ್ಯಾಟರಿ ಇಲ್ಲದ, ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲಬೇಕು. ಇಲ್ಲವಾದರೆ ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯುತ್ತದೆ. ಕರೆಂಟ್ ಹೋದಾಗಲೂ ಬೇಕೆಂದರೆ ಬ್ಯಾಟರಿಯ ಲೆಕ್ಕ ಬೇರೆ ಬರಬೇಕು. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ ಬ್ಯಾಟರಿಯಲ್ಲಿ 1.8 ಯೂನಿಟ್, ಅರ್ಧದಷ್ಟೇ ಬಳಸಿದರೆ ಬಾಳಿಕೆ. 1,200 ಸಲ ತುಂಬಿ ಖಾಲಿ ಮಾಡಿದರೆ ಒಟ್ಟು 1,080 ಯೂನಿಟ್. ಬ್ಯಾಟರಿ ₹15,000 ಆದರೆ, ಕರೆಂಟಿನ ಬೆಲೆ ಬಿಟ್ಟು, ಕೂಡಿಟ್ಟಿದ್ದಕ್ಕೇ ಯೂನಿಟ್‌ಗೆ ಸುಮಾರು ₹14.

ಪ್ರ: ಪೇಡೆಗೆ ಖೋವಾ ಕಾಯಿಸುವ ಭಟ್ಟಿಗೆ ಗ್ಯಾಸೋ ಕರೆಂಟೋ? ಪುಟದಲ್ಲಿ 'ಒಲೆಯ ದಕ್ಷತೆ' ಕೇಳುತ್ತದೆ. ನಮಗೇನು ಗೊತ್ತು ಅದು?
— ಧಾರವಾಡ

ಉ: ನಿಮ್ಮ ಹಾಲೇ ಹೇಳುತ್ತದೆ. ಹತ್ತು ಕಿಲೋ ಎಮ್ಮೆ ಹಾಲು ಎರಡು ಕಿಲೋ ಖೋವಾ ಆಗಲು ಎಂಟು ಕಿಲೋ ನೀರು ಆವಿಯಾಗಬೇಕು. ಕಾಯಿಸಲು ಮತ್ತು ಆವಿ ಮಾಡಲು ಸೇರಿ ಸುಮಾರು 5.8 ಯೂನಿಟ್ ಶಾಖ. ಭಟ್ಟಿ ಹಚ್ಚುವ ಮುನ್ನ, ಇಳಿಸಿದ ಮೇಲೆ ಸಿಲಿಂಡರನ್ನು ತೂಗಿ. ಒಂದು ಕಿಲೋ ಗ್ಯಾಸ್ ಹೋಗಿದ್ದರೆ 5.8 ಭಾಗಿಸು 12.8, ಅಂದರೆ 45%. ಒಂದೂವರೆ ಕಿಲೋ ಹೋಗಿದ್ದರೆ 30%; ಕರೆಂಟಿನ ಮಾತು ಆಮೇಲೆ, ಮೊದಲು ಬಾಣಲೆಯ ಸುತ್ತ ಗಾಳಿತಡೆ ಕಟ್ಟಿಸಿ, ಬರ್ನರ್ ತೊಳೆಯಿರಿ. ಪುಟ ಮಾಡುವವರು ದಕ್ಷತೆಯ ಬದಲು 'ಎಷ್ಟು ಹಾಲು, ಎಷ್ಟು ಖೋವಾ, ಎಷ್ಟು ಗ್ಯಾಸ್' ಎಂದೇ ಕೇಳಲಿ.

ಪ್ರ: ಬೆಲೆ ದಿನಾ ಬದಲಾಗುತ್ತವೆ. ಯಾವುದು ಅಗ್ಗ ಎಂದು ಗಟ್ಟಿಯಾಗಿ ಹೇಳುವುದು ಹೇಗೆ?
— ಹಾವೇರಿ

ಉ: ಪ್ರತಿ ಬೆಲೆಯ ಪಕ್ಕದಲ್ಲಿ ಅದು ಯಾವ ದಿನಾಂಕದ್ದು ಎಂದು ಕಾಣಲಿ. 2025ರ ಸೆಪ್ಟೆಂಬರ್ 22ರಂದು ಸೌರ ಉಪಕರಣಗಳ ಜಿಎಸ್‌ಟಿ 12%ರಿಂದ 5%ಕ್ಕೆ ಇಳಿಯಿತು. ಅದಕ್ಕೂ ಮುಂಚಿನ ಕೊಟೇಶನ್ ಇಟ್ಟುಕೊಂಡ ಪುಟ ಇವತ್ತೂ ಸೋಲಾರನ್ನು ತುಟ್ಟಿ ತೋರಿಸುತ್ತಿರುತ್ತದೆ. ಬೆಲೆಗಳು ಆರು ತಿಂಗಳು ಹಳೆಯದಾದರೆ ಆ ಖಾನೆ ಹಳದಿಯಾಗಲಿ.

'ಇದೇ ಅಗ್ಗ' ಎಂಬ ತೀರ್ಪಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ತಕ್ಕಡಿ ವಾಲುವ ಬೆಲೆ. ಕರೆಂಟ್ ₹7, ಇಂಡಕ್ಷನ್ 82% ಆದರೆ ಶಾಖ ₹8.54, ಅದನ್ನು 115ರಿಂದ ಗುಣಿಸಿ, ₹982. ಪುಟದ ಕೊನೆಯ ಸಾಲು ಹೀಗಿರಲಿ: 'ಸಿಲಿಂಡರ್ ₹982 ದಾಟುವವರೆಗೆ ಗ್ಯಾಸ್, ದಾಟಿದ ಮೇಲೆ ಇಂಡಕ್ಷನ್.' ಓದಿದವರು ಮುಂದಿನ ಸಿಲಿಂಡರ್ ಬಂದಾಗ ರಸೀದಿ ನೋಡಿ ತಾವೇ ತೀರ್ಮಾನಿಸಬಲ್ಲರು, ನಿಮ್ಮ ಪುಟ ತೆರೆಯದೆಯೂ.